ವಾರ್ಡಿನಿಂದ ಬಂದ ಕರೆಗಳು

"ಆ ತಿಂಗಳ ಫೋನ್ ಕರೆಗಳ ದಾಖಲೆ ಅಳಿಸಿಹೋಗಿದೆ ಅಂತ ಒಂದು ಸಾಲು ಬರೆದುಕೊಡಿ, ಸಾಕು," ಎನ್ನುತ್ತ ಅಧೀಕ್ಷಕರು ಬಿಳಿ ಹಾಳೆಯನ್ನು ಅವಳ ಕೀಬೋರ್ಡಿನ ಮೇಲೇ ಇಟ್ಟರು.

ಆಸ್ಪತ್ರೆಯ ಕಂಪ್ಯೂಟರ್ ಕೋಣೆ ಒಂಬತ್ತು ವರ್ಷದಿಂದ ಅವಳ ಸುಪರ್ದಿನಲ್ಲಿತ್ತು. ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. "ಅಳಿಸಿಲ್ಲ ಸಾರ್. ಜಾಗ ಉಳೀಲಿ ಅಂತ ಹಳೇ ಫೈಲನ್ನೆಲ್ಲ ಒತ್ತಿ, ಜಿಪ್ ಮಾಡಿ ಗಂಟು ಕಟ್ಟಿಟ್ಟಿದೀವಿ."

"ನಮ್ಮವರು ಹುಡುಕಿದ್ರು. ಏನೂ ಸಿಗಲಿಲ್ಲ."

"ಗಂಟಿನ ಹೊರಗೆ ಹುಡುಕಿದ್ರೆ ಏನು ಸಿಗುತ್ತೆ?"

ಅಧೀಕ್ಷಕರು ದನಿ ತಗ್ಗಿಸಿದರು. "ನೋಡಿ, ಆ ನರ್ಸಿಗೂ ನಿಮಗೂ ಎಣ್ಣೆ ಸೀಗೆಕಾಯಿ ಅಂತ ಇಡೀ ಆಸ್ಪತ್ರೆಗೆ ಗೊತ್ತು. ಅವಳಿಗೋಸ್ಕರ ಯಾಕೆ ಮೈಮೇಲೆ ಎಳ್ಕೋತೀರಿ? ಮೂರು ಗಂಟೆಗೆ ವಿಚಾರಣೆ. ಅಷ್ಟರೊಳಗೆ ಕೊಡಿ."

ಹೇಳಿದ್ದು ಸುಳ್ಳಲ್ಲ. ಆ ನರ್ಸ್ ಅವಳ ಗಂಡನ ತಂಗಿ. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡಾಗ, ಹೆಣ ಇನ್ನೂ ಮನೆಯಲ್ಲಿರುವಾಗಲೇ, "ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡದೆ ನಮ್ಮಮ್ಮನ್ನ ತಿಂದ್ಕೊಂಡ್ಳು" ಎಂದು ನೆಂಟರೆಲ್ಲರ ಎದುರು ಇವಳತ್ತ ಬೆರಳು ತೋರಿಸಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಅಂಥದೇ ಆರೋಪ ನಾದಿನಿಯ ತಲೆಗೇ ಬಂದಿತ್ತು. ಏಳು ತಿಂಗಳ ಹಿಂದೆ ಒಂದು ಸಂಜೆ, ಮೂರನೇ ವಾರ್ಡಿನಲ್ಲಿ, ಆಪರೇಷನ್ ಆಗಿದ್ದ ಹೆಂಗಸೊಬ್ಬಳು ರಕ್ತ ಹೋಗಿ ಸತ್ತಿದ್ದಳು. ನರ್ಸ್ ತನ್ನನ್ನು ಕರೆಯಲೇ ಇಲ್ಲ ಎಂದು ಡ್ಯೂಟಿ ಡಾಕ್ಟರ್ ಹೇಳಿಕೆ ಕೊಟ್ಟಿದ್ದ. ಅವನು ಅಧೀಕ್ಷಕರ ಅಳಿಯ. ವಾರ್ಡಿನ ಫೋನಿನಿಂದ ಹೋದ ಪ್ರತಿ ಕರೆಯೂ ಈ ಕೋಣೆಯ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು.

ಅಧೀಕ್ಷಕರು ಹೋದ ಮೇಲೆ ಅವಳು ಆಜ್ಞೆ ಬರೆಯುವ ಕಪ್ಪು ಪರದೆ ತೆರೆದಳು. ಹುಡುಕಲು ಎಲ್ಲರೂ ಬಳಸುವ ಗ್ರೆಪ್ ಎಂಬ ಆಜ್ಞೆ ಒತ್ತಿಟ್ಟ ಫೈಲಿನೊಳಗೆ ಇಣುಕಲಾರದು. ಅದರ ಮುಂದೆ ಜೆಡ್ ಎಂಬ ಒಂದಕ್ಷರ ಸೇರಿಸಿದರೆ, ಗಂಟು ಬಿಚ್ಚುವ ಗೋಜಿಲ್ಲದೆ ಒಳಗಿನ ಸಾಲುಗಳನ್ನು ಹೆಕ್ಕಿ ತರುತ್ತದೆ. ತಾರೀಕು, ವಾರ್ಡಿನ ನಂಬರು, ಆ ತಿಂಗಳ ಫೈಲಿನ ಹೆಸರು ಬರೆದು ಎಂಟರ್ ಒತ್ತಿದಳು.

ಏನೂ ಬರಲಿಲ್ಲ.

ನಾದಿನಿ ಕರೆ ಮಾಡೇ ಇಲ್ಲ! ಅವಳ ಹೊಟ್ಟೆ ತಣ್ಣಗಾಯಿತು. ಬೇಕಾಗಿತ್ತು ಅವಳಿಗೆ ಎಂದುಕೊಂಡಳು. ಹಾಳೆ ಎಳೆದುಕೊಂಡು, 'ಕರೆ ದಾಖಲಾಗಿಲ್ಲ' ಎಂದು ಬರೆಯಲು ಪರದೆಯ ಮೇಲಿನ ತಾರೀಕು ನೋಡಿದಳು. ದಿನವನ್ನು ಮೊದಲು ಹಾಕಿದ್ದಳು. ಆ ಫೈಲುಗಳಲ್ಲಿ ವರ್ಷ ಮೊದಲು, ದಿನ ಕೊನೆಗೆ. ಒಂಬತ್ತು ವರ್ಷದಿಂದ ಗೊತ್ತಿದ್ದ ವಿಷಯ. ತಪ್ಪಿದ್ದು ಕೈಯೋ, ಮನಸ್ಸೋ.

ಎದ್ದುಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಆಮೇಲೆ "ಥೂ" ಎಂದು ತನಗೆ ತಾನೇ ಉಗಿದುಕೊಂಡು ತಾರೀಕು ತಿದ್ದಿದಳು.

ನಾಲ್ಕು ಸಾಲು ಬಂದವು. ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ, ಹದಿನಾರಕ್ಕೆ, ಇಪ್ಪತ್ತೊಂದಕ್ಕೆ ವಾರ್ಡಿನಿಂದ ಡಾಕ್ಟರಿಗೆ ಕರೆ ಹೋಗಿತ್ತು. ಮೂರಕ್ಕೂ ಉತ್ತರವಿಲ್ಲ. ಐದೂವರೆಯ ಕರೆಯನ್ನು ಡಾಕ್ಟರ ಕಡೆಯಿಂದಲೇ ಕತ್ತರಿಸಲಾಗಿತ್ತು.

ವಿಚಾರಣೆಯಲ್ಲಿ ಅಧೀಕ್ಷಕರು ಅವಳು ಮುಂದಿಟ್ಟ ಪ್ರಿಂಟನ್ನು ಬೆರಳ ತುದಿಯಿಂದ ದೂಡಿದರು. "ಇದನ್ನ ಇವರೇ ಟೈಪ್ ಮಾಡಿರಬಹುದು. ನಾದಿನಿ ಅಲ್ವಾ, ಒಂದೇ ಮನೆಯವರು."

"ಬೆಳಿಗ್ಗೆ ಎಣ್ಣೆ ಸೀಗೆಕಾಯಿ ಅಂದ್ರಿ, ಮಧ್ಯಾಹ್ನಕ್ಕೆ ಒಂದೇ ಮನೆ ಆಯ್ತಾ ಸಾರ್?" ಎಂದವಳೇ ಸಮಿತಿಯ ಎದುರೇ ಇನ್ನೊಮ್ಮೆ ಹುಡುಕಿ ತೋರಿಸಿದಳು. ಅದೇ ನಾಲ್ಕು ಸಾಲು. ಅಳಿಯ ಮೇಜಿನ ಮೇಲಿದ್ದ ತನ್ನ ಫೋನನ್ನು ಮಗುಚಿಟ್ಟ. ಅವನನ್ನು ಅಂದೇ ಕೆಲಸದಿಂದ ದೂರವಿಟ್ಟರು.

ಹೊರಗೆ ಲಿಫ್ಟಿನ ಬಳಿ ನಾದಿನಿ ನಿಂತಿದ್ದಳು. ಎರಡು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು, "ಸಿಗದೇ ಇದ್ದಿದ್ರೆ ಕುಣಿದಾಡ್ತಿದ್ರಿ, ಅಲ್ವಾ ಅತ್ತಿಗೆ?"

"ಹೂಂ. ಕುಣಿದೂ ಆಗಿತ್ತು."

"ಇದರಿಂದ ಅಮ್ಮನ ವಿಷಯ ತೀರಿಹೋಯ್ತು ಅಂದ್ಕೋಬೇಡಿ."

"ನಿನ್ನ ಹತ್ರ ಯಾರು ಕೇಳಿದ್ರು?"

ಲಿಫ್ಟ್ ಬಂದು ಬಾಗಿಲು ತೆರೆಯಿತು. ಅತ್ತಿಗೆ ಒಳಗೆ ಹೋಗಿ ಗುಂಡಿಯ ಮೇಲೆ ಬೆರಳಿಟ್ಟು ಕಾದಳು. ನಾದಿನಿ ಮೆಟ್ಟಿಲಿನ ಕಡೆ ತಿರುಗಿದಳು. ಅವಳ ಬೂಟಿನ ಸದ್ದು ಬಿರಬಿರನೆ ಇಳಿಯಿತು, ಕೆಳಗಿನ ತಿರುವಿನಲ್ಲಿ ಕ್ಷಣ ನಿಂತಿತು, ಮತ್ತೆ ಇಳಿಯಿತು.