ಗೆರೆಗಿಂತ ಎರಡು ಬೆರಳು ಕೆಳಗೆ

ಕೀಲೆಣ್ಣೆಯ ವಾಸನೆ ಈಗ ಎಲ್ಲೂ ಸಿಗುವುದಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಎತ್ತಿನ ಗಾಡಿಯ ಅಡಿಗೆ ನೇತುಹಾಕಿರುತ್ತಿದ್ದರು. ನನ್ನಪ್ಪ ಕ್ರೈಸ್ತ ಸಭೆಯ ಉಪದೇಶಿ. ಹಿರಿಯೂರು ಕಡೆಯ ಹಳ್ಳಿಗಳಿಗೆ ಹೊರಟರೆ ಮಕ್ಕಳನ್ನೂ ಕರೆದೊಯ್ಯುತ್ತಿದ್ದರು. ಗಾಡಿ ಹೊಡೆಯುವ ಕೆಂಚಣ್ಣ ಗಾಲಿಗೆ ಆ ಎಣ್ಣೆ ಸವರುವುದು ಮೂಗಿಗೆ ತಿಳಿದರೆ ಸಾಕು, ನಾವು ಓಡಿಬರುತ್ತಿದ್ದೆವು. ಗಾಡಿ ನನಗೆ ಎತ್ತರ. ಕೆಂಚಣ್ಣ ನನ್ನನ್ನು ಎತ್ತಿ ಕೂರಿಸುತ್ತಿರಲಿಲ್ಲ. ಎತ್ತುಗಳ ಕಡೆಗೇ ನೋಡುತ್ತ, ಒಂದು ಮೊಣಕಾಲು ಮಡಚಿ ನಿಲ್ಲುತ್ತಿದ್ದ. ಅದರ ಮೇಲೆ ಕಾಲಿಟ್ಟು ನಾನು ನಾನೇ ಹತ್ತಿದಂತೆ ಹತ್ತುತ್ತಿದ್ದೆ.

ಕಳೆದ ಮೇ ತಿಂಗಳಲ್ಲಿ ಹೆದ್ದಾರಿ ಪಕ್ಕದ ಪಾರ್ಕೊಂದರ ಜೈಂಟ್ ವೀಲ್ ಕೆಳಗೆ ನಿಂತಾಗ ಅದೇ ವಾಸನೆ ಬಂತು. ಅದೇ ಅಲ್ಲ, ಅದರ ದೂರದ ನೆಂಟ. ದೊಡ್ಡ ಚಕ್ರದ ನಡುವಿನ ಗುಂಬಕ್ಕೆ ಯಾರೋ ಗ್ರೀಸ್ ಬಳಿದಿದ್ದರು.

ಹೊಳಲ್ಕೆರೆಯ ನಮ್ಮ ಸಭೆಯಲ್ಲಿ ಹದಿಹರೆಯದ ಮಕ್ಕಳನ್ನು ಯೌವನಸ್ಥರು ಎನ್ನುತ್ತೇವೆ. ಹೊರಗಿನವರಿಗೆ ನಗು ಬರಬಹುದು, ನಮಗೆ ರೂಢಿ. ಯೌವನಸ್ಥರ ಸಂಘದವರು ಬೇಸಿಗೆ ರಜೆಯಲ್ಲಿ ಪಾರ್ಕಿಗೆ ಹೊರಟಾಗ, ಹುಡುಗಿಯರ ಜೊತೆ ಹಿರಿಯ ಹೆಂಗಸರು ಇರಲೇಬೇಕೆಂದು ಸಭೆಯವರು ಹೇಳಿದರು. ಪಾಸ್ಟರ್ ಜಯಕುಮಾರ್ ಅವರಿಗೆ ಆ ದಿನವೇ ಒಂದು ಸಾವಿನ ಮನೆಗೆ ಹೋಗಬೇಕಾಯಿತು. ಅವರ ಹೆಂಡತಿ ಅನುಪಮಾ ಬಂದಳು, ಏಳು ತಿಂಗಳ ಬಸುರಿ. ಇನ್ನೊಬ್ಬಳು ನಾನು, ಕಮಲಮ್ಮ, ನಿವೃತ್ತ ಕನ್ನಡ ಟೀಚರ್. ಸಂಘದ ಕಾರ್ಯದರ್ಶಿ ಪ್ರಭು ಎಲ್ಲರ ಎದೆಗೂ 'ಯೌವನಸ್ಥರು' ಎಂದು ಬರೆದ ಸಂಘದ ಬ್ಯಾಡ್ಜ್ ಚುಚ್ಚುತ್ತ ಬಂದವನು ನನಗೂ ಒಂದು ಕೊಟ್ಟ.

"ಹಾಕ್ಕಳ್ರಿ ಟೀಚರ್. ಇವತ್ತೊಂದಿನ ನೀವೂ ಯೌವನಸ್ಥರೇ."

ಬಸ್ಸಿನಲ್ಲಿ ನನ್ನ ಪಕ್ಕ ರೋಜಾ ಕುಳಿತಳು. ಒಂಬತ್ತನೇ ತರಗತಿ ಮುಗಿಸಿದ್ದಾಳೆ, ನೋಡಿದರೆ ಐದನೆಯದು ಎನ್ನಬೇಕು, ಅಷ್ಟು ಗಿಡ್ಡ. ದನಿ ಮಾತ್ರ ದೊಡ್ಡದು. ಭಾನುವಾರ ಹಾಡು ಎಲ್ಲೆಲ್ಲೋ ಹೋಗದಂತೆ ಹಿಡಿದು ನಿಲ್ಲಿಸುವವಳು ಅವಳೇ.

ಹಿಂದಿನ ಸೀಟಿನಿಂದ ಸುಪ್ರಿಯಾ ಕೂಗಿದಳು. ಸಂಘದಲ್ಲೇ ಎತ್ತರದ ಹುಡುಗಿ. "ಲೇ ಚಟಾಕು! ಈ ಸಲನೂ ನಮ್ಮ ಬ್ಯಾಗ್ ನೀನೇ ನೋಡ್ಕಾ!"

ಎಲ್ಲರೂ ನಕ್ಕರು. ರೋಜಾ ಕಿಟಕಿಯ ಕಡೆ ತಿರುಗಿದಳು.

"ಏನದು ಬ್ಯಾಗಿನ ಕಥೆ?" ಎಂದೆ. ಹೋದ ವರ್ಷ ನಾನು ಬಂದಿರಲಿಲ್ಲ.

"ಅಲ್ಲಿ ಜೈಂಟ್ ವೀಲ್ ಹತ್ರ ಎತ್ತರ ಅಳಿಯೋ ಗೆರೆ ಐತೆ ಟೀಚರ್. ಮುಟ್ಟಲಿಲ್ಲ ಅಂತ ವಾಪಸ್ ಕಳ್ಸಿದ್ರು. ವಯಸ್ಸಲ್ಲಿ ನನಗಿಂತ ಸಣ್ಣೋರೆಲ್ಲ ಹತ್ತಿದ್ರು. ನಾನು ಸಾಯಂಕಾಲದವರೆಗೂ ಬ್ಯಾಗ್ ಕಾಯ್ತಾ ಕುಂತಿದ್ದೆ."

"ಈ ವರ್ಷ ಬೆಳೆದಿದೀಯಲ್ಲ."

"ಬೆಳೆದೀನಿ. ಹುಣಸೆ ಕೊಂಬೆಗೆ ದಿನಾ ಜೋತುಬಿದ್ದೀನಿ." ನನ್ನ ಕಡೆ ತಿರುಗಿ ಹೇಳಿದಳು, "ಇವತ್ತೂ ಬ್ಯಾಗ್ ಕಾಯೋದಾದ್ರೆ ನಾನು ಇನ್ಮೇಲೆ ಸಂಘಕ್ಕೆ ಬರಲ್ಲ ಟೀಚರ್. ಹಾಡೋಕೂ ಬರಲ್ಲ. ಅಮ್ಮಂಗೆ ಹೇಳೇ ಬಂದೀನಿ."

ಅದು ಹಟದ ದನಿಯಲ್ಲ, ತೀರ್ಮಾನದ ದನಿ. ಮಕ್ಕಳಿಗೆ ಪಾಠ ಹೇಳಿದವಳಿಗೆ ಆ ಎರಡರ ವ್ಯತ್ಯಾಸ ಗೊತ್ತು. ಚಿತ್ರದುರ್ಗ ದಾಟುವಷ್ಟರಲ್ಲಿ ನಾನೂ ಒಂದು ತೀರ್ಮಾನಕ್ಕೆ ಬಂದಿದ್ದೆ. ಈ ಹುಡುಗಿ ಇವತ್ತು ಮೇಲೆ ಹೋಗಬೇಕು.

ಜೈಂಟ್ ವೀಲ್ ಬಾಗಿಲಲ್ಲಿ ಒಂದು ಆನೆಯ ಚಿತ್ರ, ಚಾಚಿದ ಸೊಂಡಿಲೇ ಗೆರೆ. ಚಕ್ರ ನಡೆಸುವವನು ಬೀರೇಶ್, ದಪ್ಪ ಮೀಸೆಯ, ಮೂವತ್ತರ ಆಸುಪಾಸಿನ ಮನುಷ್ಯ. ಬಾಗೂರಿನವನಂತೆ. "ನಮ್ಮಪ್ಪ ಕುರಿ ಎಣಿಸಿದಂಗೆ ನಾನು ಮಂದಿ ಎಣಿಸ್ತೀನಿ" ಎನ್ನುತ್ತ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ರೋಜಾಳ ಸರದಿ ಬಂತು.

"ಚಪ್ಪಲಿ ಬಿಡವ್ವ."

ಹಿಮ್ಮಡಿ ದಪ್ಪನೆಯ ಚಪ್ಪಲಿ. ಅವಳು ಬಿಟ್ಟಳು. ಸೊಂಡಿಲು ನೆತ್ತಿಗಿಂತ ಎರಡು ಬೆರಳು ಮೇಲೆ ಉಳಿಯಿತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನಾನೇನ್ ಮಾಡ್ಲವ್ವ, ಮ್ಯಾಲೆ ಕ್ಯಾಮೆರಾ ಐತೆ" ಎಂದ ಬೀರೇಶ್. ಅವನ ಮುಖ ಸಣ್ಣಗಾಗಿತ್ತು. "ಹದಿನೆಂಟು ದಾಟಿದೋರು ಯಾರಾದ್ರೂ ಜೊತೀಗೆ ಕುಂತ್ರೆ ಬಿಡಬೋದು."

ಹೋದ ವರ್ಷ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಈಗ ಹೇಳಿದರೂ ಅವಳು ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು ನೇರ ಬ್ಯಾಗುಗಳ ಕಡೆ ನಡೆದಳು.

"ರೋಜಾ, ನಿಲ್ಲು" ಎಂದೆ. ತರಗತಿಯ ದನಿ ಇನ್ನೂ ಉಳಿದಿತ್ತು. ಅವಳು ನಿಂತಳು.

ಪ್ರಭುವನ್ನು ಹುಡುಕಿದೆ. ಗಿರಗಿರ ತಿರುಗುವ ಟೀ ಕಪ್ಪಿನಾಕಾರದ ಆಟದಲ್ಲಿ ಕುಳಿತು ಬಂದು, ಬೆಂಚಿನ ಮೇಲೆ ಮಲಗಿ, ನಿಂಬೆಹಣ್ಣು ಮೂಸುತ್ತಿದ್ದ. "ನಾನು ಹೋಗ್ತೀನಿ ಆಂಟಿ" ಎಂದು ಅನುಪಮಾ ಎದ್ದಳು, ಪಾಪ, ಹೊಟ್ಟೆ ಹಿಡಿದುಕೊಂಡು. ಅವಳನ್ನು ಕೂರಿಸಿದೆ. ಉಳಿದವಳು ತಾರಸಿಯಲ್ಲಿ ಬಟ್ಟೆ ಒಣಹಾಕುವಾಗಲೂ ಅಂಚಿಗೆ ಹೋಗದ ನಾನು.

"ನಾನು ಕೂರ್ತೀನಪ್ಪ" ಎಂದೆ ಬೀರೇಶನಿಗೆ.

"ನೀವಾ ಅಜ್ಜಿ? ಬ್ಯಾಡ್ರಿ. ಬೋರ್ಡ್ ಓದ್ರಿ."

ಓದಿದೆ. 'ವೃದ್ಧರು, ಗರ್ಭಿಣಿಯರು, ಹೃದ್ರೋಗಿಗಳು ನಿಷೇಧಿಸಲಾಗಿದೆ.'

"ವೃದ್ಧರನ್ನು ಅಂತ ಆಗಬೇಕು" ಎಂದೆ. ಚಾಳಿ ಎಲ್ಲಿ ಹೋಗುತ್ತದೆ? "ಅದಿರಲಿ. ಎಷ್ಟು ವಯಸ್ಸಾದ್ರೆ ವೃದ್ಧರು ಅಂತ ಬರ್ದಿಲ್ಲವಲ್ಲ?"

"ಬರ್ದಿಲ್ರಿ. ನಾವೇ ನೋಡಿ ಹೇಳ್ಬೇಕು."

"ಹಾಗಾದ್ರೆ ನೋಡಿ ಹೇಳು."

ನೆಟ್ಟಗೆ ನಿಂತೆ. ಬೀರೇಶ್ ನನ್ನ ಬಿಳಿ ತಲೆ ನೋಡಿದ, ಕಾಲು ನೋಡಿದ, ಸೆರಗಿನ ಮೇಲಿನ ಬ್ಯಾಡ್ಜ್ ನೋಡಿದ. ತುಟಿ ಅಲುಗಿತು. "ಯೌ... ಯೌವನಸ್ಥರಾ?"

ಸಾಲಿಗೆ ಸಾಲೇ ಗೊಳ್ಳೆಂದಿತು.

"ಸುಳ್ಳು ಹೇಳಲ್ಲಪ್ಪ. ನನಗೆ ಎಪ್ಪತ್ತು ದಾಟಿದೆ. ಹೃದಯ ಗಟ್ಟಿಯಾಗಿದೆ, ಬಿ.ಪಿ. ಇಲ್ಲ, ಮೊಣಕಾಲು ಮಾತ್ರ ಒಂದಿಷ್ಟು ಮುನಿಸಿಕೊಂಡಿದೆ. ನೀನು ಬಾಯಿಬಿಟ್ಟು ನನ್ನನ್ನ ವೃದ್ಧೆ ಅಂದುಬಿಡು, ವಾಪಸ್ ಹೋಗ್ತೀನಿ."

ಅವನು ಕುತ್ತಿಗೆ ಕೆರೆದುಕೊಂಡ. "ಹೆಂಗ್ ಅನ್ಲಿ ತಾಯಿ? ನಮ್ಮಜ್ಜಿ ನಿಮಗಿಂತ ದೊಡ್ಡಾಕಿ, ಇವತ್ತಿಗೂ ಕುರಿ ಹಿಂದೆ ಹೋಗ್ತಾಳೆ. ಯಾರಾದ್ರೂ ಮುದುಕಿ ಅಂದ್ರೆ ಕೋಲು ತಗಂಡು ಬರ್ತಾಳೆ."

"ನನ್ನ ಹತ್ರ ಕೊಡೆ ಐತೆ" ಎಂದೆ, ಅವನ ಮಾತಿನಲ್ಲೇ.

ಬೀರೇಶ್ ನಕ್ಕುಬಿಟ್ಟ. "ಬರ್ರಿ. ಹೆದರಿಕೆ ಆದ್ರೆ ಕೈ ಎತ್ರಿ, ಆ ಕ್ಷಣಕ್ಕೆ ಕೆಳಗಿಳಿಸ್ತೀನಿ."

ತೊಟ್ಟಿಲು ಬಂದು ನಿಂತಿತು. ನನ್ನ ಮೊಣಕಾಲಿಗೆ ಅದು ಎತ್ತರ. ಕೈ ಹಿಡಿದು ಎಳೆಯುತ್ತಾನೇನೋ, ಎಲ್ಲರೂ ನೋಡುತ್ತಿದ್ದಾರೆ ಎಂದು ಸಂಕೋಚಪಡುತ್ತಿದ್ದೆ. ಬೀರೇಶ್ ಚಕ್ರದ ಹಿಡಿಕೆಯ ಕಡೆಗೇ ನೋಡುತ್ತ, ಸೋಡಾ ಬಾಟಲಿಯ ಖಾಲಿ ಕ್ರೇಟೊಂದನ್ನು ಕಾಲಿನಿಂದ ನನ್ನ ಮುಂದೆ ಸರಿಸಿದ. ಗ್ರೀಸಿನ ವಾಸನೆ ಗಾಢವಾಗಿತ್ತು. ನಾನೇ ಹತ್ತಿದಂತೆ ಹತ್ತಿದೆ.

ಮೇಲೇರುವಾಗ ಕಣ್ಣು ಮುಚ್ಚಿಕೊಂಡೆ. ಕೈ ಎತ್ತಿದರೆ ಇಳಿಸುತ್ತಾನೆ ಎಂಬುದು ನೆನಪಿತ್ತು. ಎರಡೂ ಕೈಗಳಿಂದ ಕಂಬಿ ಹಿಡಿದೆ, ಅವು ಮೇಲೇಳದಂತೆ.

"ಟೀಚರ್, ಕಣ್ಣು ಬಿಡ್ರಿ."

"ನೀನೇ ನೋಡಿ ಹೇಳವ್ವ."

"ಗುಡ್ಡದ ಮ್ಯಾಲೆ ಗಾಳಿ ಫ್ಯಾನು ಎಲ್ಲಾ ತಿರುಗ್ತಾ ಅವೆ. ರೋಡು ಹಿರಿಯೂರ್ ಕಡೆಗೆ ಹೋಗೈತೆ, ಉದ್ದಕ್ಕೂ ಲಾರಿ. ನಮ್ಮ ಬಸ್ಸು ಕಾಣ್ತೈತೆ... ಅಯ್ಯೋ ಟೀಚರ್! ಸುಪ್ರಿಯಾ ಎಷ್ಟು ಗಿಡ್ಡ ಕಾಣ್ತಾಳೆ ನೋಡ್ರಿ!"

ಇದಕ್ಕೆ ಕಣ್ಣು ಬಿಡಲೇಬೇಕಾಯಿತು. ಬ್ಯಾಗುಗಳ ರಾಶಿಯ ನಡುವೆ ಸುಪ್ರಿಯಾ ಒಬ್ಬಳೇ ಕುಳಿತಿದ್ದಳು. ಅನುಪಮಾ ಪ್ರಭುವಿನ ಬೆಂಚಿನ ಹತ್ತಿರವಿದ್ದಳು, ಕಾಯಲು ಬೇರೆ ಯಾರೂ ಇರಲಿಲ್ಲ. ಯಾರೂ ಹೇಳದೆ ಅವಳೇ ಬಂದು ಕುಳಿತಿರಬೇಕು. ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನೇ ಹುಡುಕುತ್ತಿದ್ದವಳು ಕಂಡೊಡನೆ ಎರಡೂ ಕೈ ಬೀಸಿದಳು. ರೋಜಾ ಕಂಬಿ ಬಿಟ್ಟು ಕೈ ಬೀಸಿದಳು. ಎರಡನೇ ಸುತ್ತಿನಲ್ಲಿ ಅವಳು ಹಾಡತೊಡಗಿದಳು, ಭಾನುವಾರದ ದನಿಯಲ್ಲಿ. ಹಿಂದಿನ, ಮುಂದಿನ ತೊಟ್ಟಿಲುಗಳಲ್ಲಿದ್ದ ನಮ್ಮ ಮಕ್ಕಳು ಸೇರಿಕೊಂಡರು. ನನ್ನ ಭಯ ಹೋಗಲಿಲ್ಲ. ಅದನ್ನು ಜೊತೆಯಲ್ಲೇ ಕೂರಿಸಿಕೊಂಡು ನಾನೂ ಹಾಡಿದೆ.

ಇಳಿದಾಗ ಸುಪ್ರಿಯಾ ಓಡಿಬಂದಳು. "ರೋಜಾ, ಹೆಂಗಿತ್ತೇ?"

ಆ ದಿನ ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನಿಂಗೆ ಹೇಳಿದ್ರೆ ತಿಳಿಯಲ್ಲ. ಬ್ಯಾಗ್ ಹುಷಾರು" ಎಂದ ರೋಜಾ ನನ್ನ ಕಡೆ ತಿರುಗಿದಳು. "ಟೀಚರ್, ಇನ್ನೊಂದ್ಸಲ ಹೋಗಾಣ?"

ಹೋದೆವು. ಬೀರೇಶ್ ಕೇಳುವ ಮೊದಲೇ ಕ್ರೇಟ್ ಸರಿಸಿದ. "ಊಟ ಆಯ್ತೇನಪ್ಪ?" ಎಂದು ಕೇಳಿದೆ. "ಎಲ್ಲೀದು? ಬದಲಿ ಬರ್ಬೇಕಾದೋನು ಬಂದಿಲ್ಲ. ಚಕ್ರ ಬಿಟ್ಟು ಹೋಗಂಗಿಲ್ಲ" ಎಂದ.

ಹೊರಗಿನ ತಿಂಡಿಯನ್ನು ಪಾರ್ಕಿನೊಳಗೆ ಬಿಡುವುದಿಲ್ಲ. ಹೊತ್ತು ಮೀರಿದ ಮೇಲೆ ನಾವೆಲ್ಲ ಬಸ್ಸಿನ ನೆರಳಿಗೆ ಬಂದು ಪೊಟ್ಟಣ ಬಿಚ್ಚಿದೆವು. ಚಿತ್ರಾನ್ನ, ಒಂದು ಬೇಯಿಸಿದ ಮೊಟ್ಟೆ. ಪಾಸ್ಟರ್ ಬಾರದ್ದರಿಂದ ಅವರ ಪೊಟ್ಟಣ ಉಳಿದಿತ್ತು. "ಯಾರಿಗೆ ಬೇಕು?" ಎಂದು ಅನುಪಮಾ ಎತ್ತಿ ಹಿಡಿದಳು. ಹುಡುಗರು ಕೈ ಚಾಚಿದರು. ರೋಜಾ ಎದ್ದು ಹೋಗಿ ಅದನ್ನು ತೆಗೆದುಕೊಂಡಳು.

"ಏ, ಎರಡು ತಿಂದ್ರೆ ಗೆರೆ ಮುಟ್ತೀಯಾ?" ಎಂದ ಪ್ರಭು, ಅಷ್ಟರಲ್ಲಿ ಚೇತರಿಸಿಕೊಂಡಿದ್ದ.

ಬಸ್ ನಿಂತ ಜಾಗಕ್ಕೂ ಜೈಂಟ್ ವೀಲಿಗೂ ನಡುವೆ ಕಬ್ಬಿಣದ ಕಂಬಿಗಳ ಬೇಲಿ. ರೋಜಾ ಪೊಟ್ಟಣ ಹಿಡಿದು ಅಲ್ಲಿಯವರೆಗೆ ನಡೆದು, ಚಕ್ರ ನಿಲ್ಲುವವರೆಗೆ ಕಾದಳು. ಬೀರೇಶ್ ಅವಳನ್ನು ನೋಡಿ ಹತ್ತಿರ ಬಂದ. ಮೇಲಿನ ಕ್ಯಾಮೆರಾವನ್ನೊಮ್ಮೆ ನೋಡಿ ಅದಕ್ಕೆ ಬೆನ್ನು ಮಾಡಿ ನಿಂತ. ರೋಜಾ ಕಂಬಿಯ ಸಂದಿಯಿಂದ ಪೊಟ್ಟಣವನ್ನು ಅವನ ಕೈಗೆ ದಾಟಿಸಿದಳು.