ಎಲ್ಲೂ ಸಿಗದ ಕಾದಂಬರಿಗಳು

ಒತ್ತಕ್ಷರನಿಗೆ ಆ ಅಂಕಣದ ಮೇಲೆ ಅನುಮಾನ ಹುಟ್ಟಿದ್ದು ಅಕ್ಕನ ದೆಸೆಯಿಂದ.

ಅವನು ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವವನು. ಇಪ್ಪತ್ತಾರು ವರ್ಷಗಳಿಂದ ಅದೇ ಕಿಟಕಿ, ಅದೇ ಕುರ್ಚಿ, ಅದೇ ಕೆಂಪು ಪೆನ್ನು. ಬಿಟ್ಟುಹೋದ ಒತ್ತಕ್ಷರವನ್ನು ಮಾರು ದೂರದಿಂದಲೇ ಹಿಡಿಯುತ್ತಾನೆಂದು ಕಚೇರಿಯವರು ಅವನಿಗೆ ಆ ಅಡ್ಡಹೆಸರು ಇಟ್ಟಿದ್ದರು. ಅಚ್ಚಾದ ಯಾವುದನ್ನೂ ಅವನು ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಔಷಧಿ ಬಾಟಲಿಯ ಚೀಟಿಯಿರಲಿ, ಮದುವೆಯ ಕರೆಯೋಲೆಯಿರಲಿ, ಬಸ್ಸಿನ ಬೋರ್ಡಿರಲಿ, ಎರಡು ಸಲ ಓದಿ, ಮೂರನೆಯ ಸಲ ಹಿಂದಿನಿಂದ ಮುಂದಕ್ಕೆ ಓದಿ, ಆಮೇಲೆ ತಲೆಯಾಡಿಸುವ ಜಾತಿ.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು ಉಳಿದಿದ್ದಳು. ಅವಳಿಗೆ ಓದುವ ಹುಚ್ಚು. ತಮ್ಮನ ಪತ್ರಿಕೆ ಕೈಗೆ ಬಂದರೆ ಮೊದಲು ತೆಗೆಯುವುದೇ ‘ಓದಿದಿರಾ?’ ಎಂಬ ಪುಟ. ಅದರಲ್ಲಿ ‘ಹತ್ತು ಬೆರಳು’ ಎಂಬ ಗುಪ್ತನಾಮದವರು ವಾರಕ್ಕೊಂದು ಕಾದಂಬರಿಯನ್ನೋ ಚಿತ್ರಕಥೆಯನ್ನೋ ಶಿಫಾರಸು ಮಾಡುತ್ತಿದ್ದರು. ಕೆಳಗೆ ಬರೆಯುವವರಿಗೆಂದು ನಾಲ್ಕು ಸಾಲು ಬುದ್ಧಿಮಾತು ಬೇರೆ. ‘ಬರೆಯಲು ಮನಸ್ಸು ಬರಲೆಂದು ಕಾಯಬೇಡಿ. ಹಲ್ಲುಜ್ಜಲು ಮನಸ್ಸು ಬರಲೆಂದು ಯಾರಾದರೂ ಕಾಯುತ್ತಾರೆಯೆ?’ ಎಂಬಂಥವು. ಅಕ್ಕ ಅದನ್ನೆಲ್ಲ ಕತ್ತರಿಸಿ ಹಳೆಯ ಡೈರಿಯಲ್ಲಿ ಅಂಟಿಸಿಟ್ಟಿದ್ದಳು.

“ಲೋ, ಆ ‘ಖಾಲಿ ಲಾರಿಯ ತೂಕ’ ತಂದ್ಯಾ?” ಎಂದು ಅವಳು ಕೇಳಿದ್ದು ಅದು ನಾಲ್ಕನೆಯ ಸಲ.

“ಲೈಬ್ರರೀಲಿ ಇಲ್ವಂತೆ ಅಕ್ಕಾ.”

“ಹೋದ ತಿಂಗಳು ಹೇಳಿದ್ದು? ಆ ನರ್ಸ್ ಬರೆದಿರೋ ಚಿತ್ರಕಥೆ?”

“ಅದೂ ಇಲ್ಲ.”

“ನೀನು ಕೇಳೇ ಇಲ್ಲ ಬಿಡು. ಪತ್ರಿಕೆ ಆಫೀಸಲ್ಲೇ ಕೂತ್ಕೊಂಡು ಒಂದು ಪುಸ್ತಕ ತರೋಕಾಗಲ್ಲ ನಿಂಗೆ.”

ಆ ಮಾತು ಅವನಿಗೆ ಚುಚ್ಚಿತು. ಮರುದಿನ ಮಧ್ಯಾಹ್ನದ ಊಟ ಬಿಟ್ಟು ಅಕ್ಕನ ಡೈರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಲೈಬ್ರರಿಗೆ ಹೋದ. ಲೈಬ್ರರಿಯವರೂ ಅವನೂ ಕೂಡಿ ಪಟ್ಟಿ ಹಿಡಿದು ಹುಡುಕಿದರು. ಅಂಕಣ ಶುರುವಾದ ಮೊದಲ ವರ್ಷ ಹೇಳಿದ ಪುಸ್ತಕಗಳೆಲ್ಲ ಕಪಾಟಿನಲ್ಲಿದ್ದವು. ಆದರೆ ಈಚಿನ ಎಂಟು ತಿಂಗಳಲ್ಲಿ ಹೇಳಿದವುಗಳಲ್ಲಿ ಒಂದಾದರೂ ಇರಬೇಕಲ್ಲ? ಒಂದೂ ಇರಲಿಲ್ಲ. ಹಳೇ ಪುಸ್ತಕದ ಅಂಗಡಿಯವನು, “ಸಾರ್, ಈ ಹೆಸರುಗಳನ್ನ ನಾನು ಕನಸಲ್ಲೂ ಕೇಳಿಲ್ಲ. ಆದ್ರೆ ವಾರಕ್ಕೆ ಹತ್ತು ಜನ ಬಂದು ಕೇಳ್ತಾರೆ” ಎಂದ.

ಒತ್ತಕ್ಷರನ ಕಿವಿ ನೆಟ್ಟಗಾದವು. ಯಾರೋ ಇಲ್ಲದ ಪುಸ್ತಕಗಳನ್ನು ಹುಟ್ಟಿಸಿ ಓದುಗರ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ! ಅದಕ್ಕೂ ಮೀರಿ, ಅದನ್ನು ತಾನೇ ವಾರವಾರ ಕಾಮಾ ಪೂರ್ಣವಿರಾಮ ಹಾಕಿ ಕಳಿಸಿದ್ದೇನೆ ಎಂಬುದನ್ನು ಅವನಿಗೆ ಸಹಿಸಲಾಗಲಿಲ್ಲ.

ಸಂಪಾದಕರ ಬಳಿ ಹೇಳಿದ. ಅವರು ಕನ್ನಡಕದ ಮೇಲಿಂದ ನೋಡಿದರು.

“ಜನ ಓದ್ತಾರಾ?”

“ಓದ್ತಾರೆ.”

“ಕಾಗುಣಿತ ಸರಿ ಇದೆಯಾ?”

“ಇದೆ.”

“ಮತ್ತೆ ನಿಮ್ಮದೇನ್ರೀ ತಕರಾರು? ಹೋಗಿ.”

ಹದಿನೈದು ದಿನ ಕಳೆದಿರಲಿಲ್ಲ, ಅದೇ ಸಂಪಾದಕರು ಬೆವರು ಒರೆಸಿಕೊಳ್ಳುತ್ತ ಅವನನ್ನು ಒಳಗೆ ಕರೆದರು. ಮೇಜಿನ ಮೇಲೆ ಒಂದು ಕಾಗದ. ಬರೆದವನು ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕೆಲಸ ಮಾಡುವ ಮನುಷ್ಯ. ‘ಖಾಲಿ ಲಾರಿಯ ತೂಕ ನಾನು ಬರೆದ ಕಾದಂಬರಿ. ಅದನ್ನು ನಾನು ಯಾರಿಗೂ ಅಚ್ಚು ಹಾಕಲು ಕೊಟ್ಟಿಲ್ಲ. ಅದು ನನ್ನ ಟ್ರಂಕಿನಲ್ಲಿದೆ. ಹಾಗಿದ್ದ ಮೇಲೆ ನಿಮ್ಮ ಪತ್ರಿಕೆಯವರು ಅದನ್ನು ಓದಿದ್ದು ಎಲ್ಲಿ? ಕದ್ದವರ ಹೆಸರು ಹೇಳದಿದ್ದರೆ ವಕೀಲರ ಮೂಲಕ ಕೇಳುತ್ತೇನೆ’ ಎಂದಿತ್ತು.

ಒತ್ತಕ್ಷರ ಕಾಗದವನ್ನು ಎರಡು ಸಲ ಓದಿದ. ಇಲ್ಲದ ಪುಸ್ತಕ ಎಂದುಕೊಂಡಿದ್ದ, ಪುಸ್ತಕ ಇದೆ! ಅಂದರೆ ಸುಳ್ಳಲ್ಲ, ಕಳ್ಳತನ.

“ಆ ಹತ್ತು ಬೆರಳು ಯಾರ್ರೀ?” ಸಂಪಾದಕರು ಕೇಳಿದರು. “ನಂಗೆ ಗೊತ್ತಿರೋದು ಬರೀ ಪೋಸ್ಟ್ ಬಾಕ್ಸ್ ನಂಬರು. ನಿಮಗೇ ಮೊದಲು ವಾಸನೆ ಹತ್ತಿದ್ದು. ನೀವೇ ಹುಡುಕಿ. ಮೂರು ದಿನ.”

ಹುಡುಕಲು ಅವನಿಗೆ ಮೂರು ಗಂಟೆಯೂ ಬೇಕಾಗಲಿಲ್ಲ. ಅಂಕಣ ಬರುತ್ತಿದ್ದುದು ಟೈಪ್ ಮಾಡಿದ ಹಾಳೆಗಳಲ್ಲಿ. ಅದರಲ್ಲಿ ‘ಳ’ ಅಕ್ಷರ ಪ್ರತಿ ಸಲವೂ ಸಾಲಿನಿಂದ ಕೂದಲೆಳೆಯಷ್ಟು ಮೇಲೆ ಕೂರುತ್ತಿತ್ತು. ಹಾಗೆ ಜಿಗಿದು ಕೂತ ‘ಳ’ವನ್ನು ಬೇರೆಲ್ಲೋ ನೋಡಿದ್ದೇನೆ ಎಂದು ತಲೆ ಕೆರೆದುಕೊಂಡ. ಮನೆಗೆ ಬಂದು ಬೀರುವಿನಿಂದ ಬಾಡಿಗೆ ಕರಾರುಪತ್ರ ತೆಗೆದ. ‘ಮನೆಯೊಳಗೆ’, ‘ತಿಂಗಳು’, ‘ಗೋಡೆಗಳಿಗೆ’ ಎಲ್ಲ ಕಡೆಯೂ ‘ಳ’ ಚಿಮ್ಮಿ ನಿಂತಿತ್ತು. ಅದನ್ನು ಮಾಡಿಸಿದ್ದು ನೋಂದಣಿ ಕಚೇರಿಯ ಎದುರಿನ ಮಾಳಿಗೆ ಮೆಟ್ಟಿಲ ಕೆಳಗೆ ಕೂತ ಟೈಪಿಸ್ಟಮ್ಮನ ಹತ್ತಿರ.

ಮರುದಿನ ಅಲ್ಲಿಗೆ ಹೋದ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಮೇಜು, ಮಷೀನು, ಗಿರಾಕಿಗಳಿಗೆ ಒಂದು ಬೆಂಚು, ಹಿಂದೆ ಗೋಡೆಯುದ್ದಕ್ಕೂ ಕಬ್ಬಿಣದ ಬೀರು. ಅರವತ್ತರ ಆಸುಪಾಸಿನ ಆಕೆ ಯಾರದೋ ಅರ್ಜಿ ಕುಟ್ಟುತ್ತಿದ್ದರು. ತಲೆಯೆತ್ತದೆ, “ಏನು, ಅಫಿಡವಿಟ್ಟಾ?” ಎಂದರು.

“ಇಲ್ಲ. ನಾನು ‘ಓದಿದಿರಾ?’ ಪುಟದ ಕರಡು ತಿದ್ದೋನು.”

ಮಷೀನು ನಿಂತಿತು.

“ನಿಮ್ಮ ಳ ಎದ್ದು ನಿಲ್ಲುತ್ತೆ ಅಮ್ಮಾ,” ಎಂದ.

ಆಕೆ ತಲೆಯೆತ್ತಿದರು. “ಮೂವತ್ತು ವರ್ಷದಿಂದ ಎದ್ದಿದೆ. ಯಾರೂ ಹೇಳಿರಲಿಲ್ಲ,” ಎಂದರು.

ಅವನು ಕಾಗದ ತೋರಿಸಿದ. ಆಕೆ ಓದಿದರು, ಮುಖ ಸಣ್ಣದಾಯಿತು. ಎದ್ದು ಬೀರುವಿನ ಬಾಗಿಲು ತೆರೆದರು. ಒಳಗೆ ದಾರ ಕಟ್ಟಿದ ಕಾರ್ಬನ್ ಪ್ರತಿಗಳ ಕಟ್ಟುಗಳು, ಮೇಲಿಂದ ಕೆಳಗಿನ ತನಕ. ಅರ್ಜಿ, ಕರಾರುಗಳ ನಡುವೆ ಜನ ಕಾದಂಬರಿಯನ್ನೂ ತಂದು ಟೈಪ್ ಮಾಡಿಸುತ್ತಾರೆ, ಚಿತ್ರಕಥೆಯನ್ನೂ ತರುತ್ತಾರೆ. ಪ್ರಕಾಶಕರು, ಸಿನಿಮಾದವರು ಬೇಡವೆನ್ನುತ್ತಾರೆ. ಬರೆದವರು ಆ ಮೇಲೆ ಈ ಕಡೆ ತಲೆ ಹಾಕುವುದಿಲ್ಲ. ಕಾರ್ಬನ್ ಪ್ರತಿ ಮಾತ್ರ ಇಲ್ಲೇ ಉಳಿಯುತ್ತದೆ.

“ಮೊದಮೊದಲು ಎಲ್ಲರೂ ಓದೋ ಪುಸ್ತಕಗಳ ಬಗ್ಗೇನೇ ಬರೆದೆ. ಆಮೇಲೆ ಅನ್ನಿಸ್ತು, ಅದಕ್ಕಿಂತ ಚೆನ್ನಾಗಿರೋದು ನನ್ನ ಬೆನ್ನ ಹಿಂದೇನೇ ಇದೆಯಲ್ಲ ಅಂತ. ಜನ ಅಂಗಡಿಗೆ ಹೋಗಿ ಕೇಳಿದ್ರೆ, ಯಾವನಾದ್ರೂ ಪ್ರಕಾಶಕ ಹುಡುಕ್ಕೊಂಡು ಬರ್ತಾನೆ ಅನ್ಕೊಂಡೆ.”

ಒತ್ತಕ್ಷರ ನಂಬಲಿಲ್ಲ. “ಇವನ್ನೆಲ್ಲ ನೀವೇ ಬರೆದು, ಬೇರೆಯವರ ಹೆಸರು ಹಾಕಿಲ್ಲ ಅಂತ ಏನು ಗ್ಯಾರಂಟಿ?”

“ಓದಿ ನೋಡಿ,” ಎಂದು ಆಕೆ ಮೂರು ಕಟ್ಟು ತೆಗೆದು ಬೆಂಚಿನ ಮೇಲೆ ಕುಕ್ಕಿದರು.

ಅವನು ಜೇಬಿನಿಂದ ಪೆನ್ಸಿಲ್ ತೆಗೆದು ಓದಲು ಕೂತ. ಒಬ್ಬರು ಅಕಾರ ಬರಬೇಕಾದಲ್ಲೆಲ್ಲ ಹಕಾರ ಬರೆದಿದ್ದರು. ನರ್ಸಮ್ಮನ ಚಿತ್ರಕಥೆಯಲ್ಲಿ ಒಂದೇ ಒಂದು ಕಾಮಾ ಇರಲಿಲ್ಲ; ಮಾತುಗಳು ಉಸಿರು ಕಟ್ಟಿ ಓಡುತ್ತಿದ್ದವು. ಲಾರಿಯ ಕಾದಂಬರಿಯವನಿಗೆ ಷ ಎಂಬ ಅಕ್ಷರವೇ ಗೊತ್ತಿರಲಿಲ್ಲ. “ತಿದ್ದಲಿಲ್ವಾ ನೀವು?” ಎಂದ. “ನಾನ್ಯಾಕೆ ತಿದ್ದಲಿ? ಬರೆದಿದ್ದನ್ನ ಬರೆದ ಹಾಗೇ ಕುಟ್ಟೋದು ನನ್ನ ಕೆಲಸ.” ಅವನ ಅನುಮಾನ ಅಲ್ಲಿ ಕರಗಿತು. ಸರಿಯಾದ ಕನ್ನಡವನ್ನು ಯಾರು ಬೇಕಾದರೂ ಬರೆಯಬಹುದು. ತಪ್ಪುಗಳನ್ನು ಮಾತ್ರ ಒಬ್ಬರದು ಇನ್ನೊಬ್ಬರು ಮಾಡಲಾಗದು. ಇಪ್ಪತ್ತಾರು ವರ್ಷದಲ್ಲಿ ಅವನು ಕಲಿತದ್ದು ಅಷ್ಟೆ. ತಲೆಯೆತ್ತಿದಾಗ ಬೀದಿಯಲ್ಲಿ ನೆರಳು ಉದ್ದವಾಗಿದ್ದವು. ಮೊದಲ ಗಂಟೆ ಕಳೆದ ಮೇಲೆ ಪೆನ್ಸಿಲ್ ಕೆಳಗಿಟ್ಟು ಓದಿದ್ದೇನೆಂದು ಅವನಿಗೆ ಆಗ ಹೊಳೆಯಿತು.

“ಆದ್ರೂ ಅಮ್ಮಾ, ಕೇಳ್ದೆ ಹಾಕಿದ್ದು ತಪ್ಪು,” ಎಂದ.

“ಗೊತ್ತು,” ಎಂದರು ಆಕೆ. “ನಾಳೆ ಜೊತೇಲಿ ಬರ್ತೀರಾ? ಒಬ್ಳೇ ಹೋಗೋಕೆ ಧೈರ್ಯ ಇಲ್ಲ.”

ವೇಬ್ರಿಡ್ಜು ಊರಾಚೆಯ ಹೆದ್ದಾರಿಯ ಪಕ್ಕದಲ್ಲಿತ್ತು. ನೆಲಕ್ಕೆ ಹಾಸಿದ ದೊಡ್ಡ ಕಬ್ಬಿಣದ ಹಲಗೆ, ಪಕ್ಕದಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ. ಒಳಗಿದ್ದ ಮನುಷ್ಯ ಆಕೆಯ ಗುರುತು ಹಿಡಿದ ಕೂಡಲೇ ಎದ್ದು ನಿಂತ.

“ನೀವಾ? ಕಾರ್ಬನ್ ಇಟ್ಕೊಂಡಿದ್ರಾ?”

“ಎಲ್ಲರದ್ದೂ ಇಡ್ತೀನಿ ಅಣ್ಣಾ. ಹಾಳೆ ಕಳೆದುಹೋದ್ರೆ ಅಂತ.”

“ನನ್ನ ತಮ್ಮ ಪ್ರೆಸ್ಸಲ್ಲಿ ಕೆಲಸ ಮಾಡ್ತಾನೆ. ಅವನೇ ಕದ್ದು ಅಚ್ಚು ಹಾಕ್ಸಿದಾನೆ ಅನ್ಕೊಂಡೆ. ಅವನ ಹೆಂಡ್ತಿ ಮಕ್ಕಳ ಮುಂದೆ ಬಾಯಿಗೆ ಬಂದ ಹಾಗೆ ಬೈದು ಬಂದೆ. ಎರಡು ತಿಂಗಳಾಯ್ತು, ಒಬ್ಬರ ಮುಖ ಒಬ್ಬರು ನೋಡಿಲ್ಲ. ಗೊತ್ತಾ ನಿಮಗೆ?”

ಟೈಪಿಸ್ಟಮ್ಮ ತಂದಿದ್ದ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಆತ ಕಸಿದುಕೊಂಡ.

ಅಷ್ಟರಲ್ಲಿ ಲಾರಿಯೊಂದು ಹಲಗೆ ಹತ್ತಿತು. ಆತ ತೂಕ ನೋಡಿ ಚೀಟಿ ಕೊಟ್ಟು ಬಂದ. ಮೇಜಿನ ಮೇಲೆ ಹಳೆಯ ತೂಕದ ಚೀಟಿಗಳ ರಾಶಿ. ಎಲ್ಲದರ ಬೆನ್ನ ಮೇಲೂ ಸಣ್ಣ ಅಕ್ಷರ. ಒತ್ತಕ್ಷರ ಅದನ್ನೇ ನೋಡುತ್ತಿರುವುದನ್ನು ಕಂಡು, “ಎರಡು ಲಾರಿ ಮಧ್ಯೆ ಒಂದು ಚೀಟಿ. ಹತ್ತೊಂಬತ್ತು ವರ್ಷ ಆಯ್ತು. ಲಾರಿ ಬರದ ದಿನ ಕಷ್ಟ, ಏನೂ ಹೊಳೆಯಲ್ಲ,” ಎಂದ. ಕೋಪದ ನಡುವೆಯೂ ಮಾತು ಜಾರಿಬಿಟ್ಟಿತ್ತು.

ಕಟ್ಟಿನ ದಾರ ಬಿಚ್ಚುತ್ತ, ಯಾರತ್ತವೂ ನೋಡದೆ ಕೇಳಿದ. “ಹದಿನಾಲ್ಕನೇ ಅಧ್ಯಾಯದಲ್ಲೇ ಕಾದಂಬರಿ ಎದ್ದು ನಿಲ್ಲುತ್ತೆ ಅಂತ ಬರೆದಿದ್ರಿ. ಯಾಕೆ?”

“ಆ ಡ್ರೈವರ್ ಇದಾನಲ್ಲ,” ಎಂದರು ಟೈಪಿಸ್ಟಮ್ಮ ಮೆಲ್ಲಗೆ. “ಖಾಲಿ ಲಾರಿ ತೂಗುವಾಗ್ಲೂ ಒಳಗೇ ಕೂತಿರ್ತಾನೆ, ತುಂಬಿದ ಲಾರಿ ತೂಗುವಾಗ್ಲೂ ಕೂತಿರ್ತಾನೆ. ಒಂದರಲ್ಲಿ ಒಂದು ಕಳೆದಾಗ ಅವನು ಇಲ್ಲವೇ ಇಲ್ಲ. ಜೀವಮಾನವೆಲ್ಲ ತೂಗಿಸಿಕೊಂಡೂ ತಾನು ಎಷ್ಟು ಭಾರ ಅಂತ ಗೊತ್ತಿಲ್ಲ ಅವನಿಗೆ. ಅದನ್ನ ಟೈಪ್ ಮಾಡಿದ ದಿನ ನಾನು ಬೇಗ ಬಾಗಿಲು ಹಾಕ್ಕೊಂಡು ಮನೆಗೆ ಹೋದೆ.”

ಆತ ಪುಟ ತಿರುವಿ ಆ ಅಧ್ಯಾಯ ಹುಡುಕಿದ. ನಿಂತೇ ಓದಿದ. ಹೊರಗೆ ಇನ್ನೊಂದು ಲಾರಿ ಬಂದು ಹಾರ್ನ್ ಹೊಡೆಯಿತು, ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

“ಇದು ನನ್ನ ಟ್ರಂಕಲ್ಲಿರೋ ಪ್ರತೀಲಿ ಇಲ್ಲ,” ಎಂದ ಕೊನೆಗೆ. “ಪ್ರಕಾಶಕರೊಬ್ಬರು, ಇದರಿಂದ ಕತೆ ಕುಂಟುತ್ತೆ, ತೆಗೀರಿ ಅಂದ್ರು. ತೆಗೆದು ಒಲೆಗೆ ಹಾಕಿದ್ದೆ. ತೆಗೆದ ಮೇಲೂ ಅವರು ಹಾಕಲಿಲ್ಲ.”

ಆತ ಹಾಳೆಗಳನ್ನು ಜೋಡಿಸಿ ಮತ್ತೆ ದಾರ ಕಟ್ಟಿದ. “ವಕೀಲರ ಹತ್ರ ಹೋಗಲ್ಲ. ಆದ್ರೆ ನನ್ನ ಹೆಸರು ಇನ್ನೊಂದು ಸಲ ಎಲ್ಲೂ ಬರಕೂಡದು,” ಎಂದು ಹೇಳಿ ಲಾರಿಯ ಕಡೆ ನಡೆದ.

ಮುಂದಿನ ಸಂಚಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದ ತಿದ್ದುಪಡಿ ಬಂತು: ಶಿಫಾರಸು ಮಾಡಿದ ಕೆಲವು ಕೃತಿಗಳು ಇನ್ನೂ ಅಚ್ಚಾಗಿಲ್ಲ, ಓದುಗರು ಕ್ಷಮಿಸಬೇಕು. ಇನ್ನು ಮುಂದೆ ಕಪಾಟಿನಲ್ಲಿ ಸಿಗುವ ಪುಸ್ತಕವನ್ನಷ್ಟೇ ಹೇಳತಕ್ಕದ್ದು ಎಂದು ಸಂಪಾದಕರು ಕಟ್ಟುನಿಟ್ಟು ಮಾಡಿದರು. ಟೈಪಿಸ್ಟಮ್ಮ ಒಪ್ಪಿದರು. ಆದರೆ ಭಾನುವಾರಗಳಲ್ಲಿ ಅವರೂ ಒತ್ತಕ್ಷರನೂ ವಿಳಾಸ ಹಿಡಿದು ಉಳಿದ ಬರಹಗಾರರನ್ನು ಒಪ್ಪಿಗೆ ಕೇಳಲು ಹುಡುಕಿಕೊಂಡು ಹೊರಡತೊಡಗಿದರು. ಇಬ್ಬರು ಊರು ಬಿಟ್ಟಿದ್ದರು. ಒಬ್ಬರು ತೀರಿಕೊಂಡಿದ್ದರು. ನರ್ಸಮ್ಮ ಬಾಗಿಲಲ್ಲೇ ನಿಂತು ನಕ್ಕುಬಿಟ್ಟು, “ಅಯ್ಯೋ ಬೇಕಾದ್ರೆ ಗೋಡೆ ಮೇಲೂ ಅಂಟಿಸಿ,” ಎಂದಳು.

ತಿಂಗಳೊಪ್ಪತ್ತು ಕಳೆದ ಮೇಲೆ ವೇಬ್ರಿಡ್ಜಿನವನು ತಾನಾಗಿಯೇ ಮೆಟ್ಟಿಲ ಕೆಳಗಿನ ಕೋಣೆಗೆ ಬಂದ. ಹದಿನಾಲ್ಕನೇ ಅಧ್ಯಾಯ ಸೇರಿಸಿ ಕಾದಂಬರಿಯನ್ನು ಹೊಸದಾಗಿ ಟೈಪ್ ಮಾಡಬೇಕು; ಷರತ್ತು ಒಂದೇ, ಕಾರ್ಬನ್ ಇಡಕೂಡದು. ತಮ್ಮನ ವಿಷಯ ಕೇಳಿದ್ದಕ್ಕೆ, “ಹೋಗಿ ತಪ್ಪಾಯ್ತು ಅಂದೆ. ಕೂತ್ಕೋ ಅಂದ. ಬೇರೇನೂ ಮಾತಾಡಲಿಲ್ಲ,” ಎಂದ.

ಅಕ್ಕನೂ ಆ ಬೆಂಚಿನಲ್ಲಿ ಕೂತು ಕಾರ್ಬನ್ ಪ್ರತಿಗಳನ್ನು ಓದಲು ಬರಲಾರಂಭಿಸಿದ್ದಳು. ಮೊಣಕಾಲು ನೋವಿನ ದಿನ ತಮ್ಮನೇ ಕಟ್ಟುಗಳನ್ನು ಮನೆಗೆ ಹೊತ್ತು ತರಬೇಕಿತ್ತು. ಹಾಗೆ ಒಂದು ದಿನ ತಂದದ್ದರಲ್ಲಿ ಹೆಸರಿಲ್ಲದ ಚಿತ್ರಕಥೆಯೊಂದಿತ್ತು. ಒತ್ತಕ್ಷರ ಅಭ್ಯಾಸಬಲದಿಂದ ಪೆನ್ಸಿಲ್ ಹಿಡಿದು ಕೂತ. ಹತ್ತು ಪುಟ ಆಯಿತು, ಐವತ್ತು ಆಯಿತು. ಒಂದು ತಪ್ಪಿಲ್ಲ. ಕೊನೆಯ ಪುಟದ ತನಕ ಒಂದು ಕೊಂಬು, ಒಂದು ಸೊನ್ನೆ ಆಚೀಚೆ ಆಗಿರಲಿಲ್ಲ. ಇಷ್ಟು ಶುದ್ಧವಾಗಿ ಬರೆಯುವವರು ಯಾರು? ಮಲಗಿದ್ದ ಅನುಮಾನ ಮತ್ತೆ ಎದ್ದು ಕೂತಿತು.

ಮರುದಿನ ಕೇಳಿದ. “ಇದು ಯಾರದ್ದಮ್ಮಾ?”

“ಯಾರದ್ದೋ. ಹೆಸರು ಬರೆಯೋದು ಮರೆತಿರ್ಬೇಕು,” ಎಂದರು ಟೈಪಿಸ್ಟಮ್ಮ, ಹಾಳೆ ಸಿಕ್ಕಿಸುತ್ತ.

“ಅಕ್ಕಂಗೆ ತುಂಬಾ ಹಿಡಿಸ್ತು. ಕೊನೇ ದೃಶ್ಯ ಮಾತ್ರ ಅವಸರದಲ್ಲಿ ಮುಗಿಸಿದಾರೆ ಅಂದ್ಲು.”

“ಅವಸರ ಅಲ್ಲ ಅದು!” ಆಕೆಯ ದನಿ ಏರಿತ್ತು. “ಏಳು ಸಲ ಬರೆದ...” ಎಂದವರು ತಟ್ಟನೆ ನಿಲ್ಲಿಸಿ, ಸೆರಗಿನಿಂದ ಮಷೀನಿನ ಮೇಲಿಲ್ಲದ ಧೂಳನ್ನು ಒರೆಸಿದರು. “ಏಳು ಸಲ ಬರೆದ್ರಂತೆ. ಬರೆದವರು ಸಿಕ್ಕಿದ್ರೆ ಹೇಳ್ತೀನಿ.”

“ಹೇಳಿ,” ಎಂದು ಒತ್ತಕ್ಷರ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ. “ಎಂಟನೇ ಸಲ ಬರೆದ್ರೆ ಅಕ್ಕ ಓದ್ತಾಳಂತೆ.”