ಉಗೊನ್ಮಾಳ ಸ್ವಂತ ಕೂದಲು

ಎನುಗು ಪಟ್ಟಣದಲ್ಲಿ ಮೂವತ್ತೊಂದು ವರ್ಷದಿಂದ ಹೆಂಗಸರ ತಲೆಯನ್ನು ನಂಬಿ ಬದುಕಿದವಳು ನಾನು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ: ನಾಲ್ಕು ಕುರ್ಚಿ, ಎರಡು ಕನ್ನಡಿ, ಕರೆಂಟು ಹೋದಾಗ ಓಣಿಯನ್ನೆಲ್ಲ ನಡುಗಿಸುವ ಒಂದು ಜನರೇಟರು. ಬಂದವರ ಸುರುಳಿ ಕೂದಲಿಗೆ ಕ್ರೀಮು ಹಚ್ಚಿ ನೆಟ್ಟಗೆ ಮಾಡುತ್ತೇನೆ. ಕೂದಲು ಉದುರಿದ ಕಡೆ ಬೇರೆ ಯಾರದೋ ಕೂದಲು ತಂದು, ಉಳಿದ ಕೂದಲಿಗೆ ಸೇರಿಸಿ ಹೊಲಿಯುತ್ತೇನೆ. ಹೊಲಿಯುವುದಕ್ಕೂ ಜಾಗ ಉಳಿಯದಿದ್ದರೆ ವಿಗ್ ಅಂಟಿಸುತ್ತೇನೆ. ಆ ಕ್ರೀಮು ಉರಿಯುತ್ತದೆ. ಉರಿ ಅಂತ ಹುಡುಗಿ ಕಿರುಚಿದರೆ, "ಇನ್ನೈದು ನಿಮಿಷ ತಡ್ಕೊಳ್ಳೇ, ಚೆಂದ ಏನು ಪುಕ್ಸಟ್ಟೆ ಬರುತ್ತಾ?" ಅಂತ ಬೆನ್ನು ತಟ್ಟುತ್ತೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಅನ್ನುವವರು ಇರುವ ತನಕ ನನ್ನ ಹೊಟ್ಟೆಗೆ ಹಿಟ್ಟು ತಪ್ಪುವುದಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಉಗೊನ್ಮಾ ಮೆಚ್ಚಿದ ಅಫಾಮನನ್ನು ಬೈಯುವಾಗ ನೀನೇನು ಸಾಚಾನಾ ಎಂದು ಯಾರೂ ಕೇಳಬಾರದು. ನಾನು ಸಾಚಾ ಅಲ್ಲ.

ಉಗೊನ್ಮಾಳನ್ನು ಮೊದಲ ಸಲ ಅವಳ ಅಮ್ಮ ಕೈಹಿಡಿದು ಕರೆತಂದಾಗ ಅವಳಿಗೆ ಹದಿನೇಳು. ಶಾಲೆಯ ನಿಯಮ ಅಂತ ಅಲ್ಲಿಯವರೆಗೆ ಗಂಡುಹುಡುಗರ ಹಾಗೆ ತಲೆ ಕತ್ತರಿಸಿಕೊಂಡಿದ್ದ ಹುಡುಗಿ. "ಶಾಲೆ ಮುಗೀತು ಉಜೊ, ಇನ್ನು ಇದನ್ನ ಹೆಣ್ಣು ಮಾಡಿಕೊಡು" ಅಂದಿದ್ದಳು ಅಮ್ಮ. ಮಾಡಿಕೊಟ್ಟೆ. ಆರು ವಾರಕ್ಕೊಮ್ಮೆಯಂತೆ ಹದಿನಾರು ವರ್ಷ ಮಾಡಿಕೊಟ್ಟೆ. ಹುಡುಗಿ ಓದಿ ಟೀಚರಾದಳು. ನೆತ್ತಿಯ ಮೇಲೆ ಮೊದಲು ಕಾಸಿನಗಲ, ಆಮೇಲೆ ಅಂಗೈಯಗಲ ಕೂದಲು ಹೋಯಿತು. ಹೋದ ಜಾಗದಲ್ಲಿ ಹುಣ್ಣಾಯಿತು. ಡಾಕ್ಟರು, "ಇನ್ನು ಕ್ರೀಮು, ಅಂಟು ಯಾವುದನ್ನೂ ಮುಟ್ಟಿಸಬೇಡಿ" ಅಂದರಂತೆ.

ಅಷ್ಟರಲ್ಲಿ ಅವಳಿಗೆ ಅಫಾಮನ ಪರಿಚಯವಾಗಿ ನಾಲ್ಕು ವರ್ಷ ಕಳೆದಿತ್ತು. ಅವನು ಒನಿಚಾದಲ್ಲಿ ಲಾರಿ ಬಿಡಿಭಾಗ ಮಾರುವವನು. ಹದಿನೈದು ದಿನಕ್ಕೊಂದು ಭಾನುವಾರ ಅವಳನ್ನು ನೋಡಲು ಬರುತ್ತಿದ್ದ. ಅವನು ಕೆಟ್ಟವನು ಅಂದರೆ ನನ್ನ ನಾಲಿಗೆಯಲ್ಲಿ ಹುಳ ಬಿದ್ದೀತು. ಉಗೊನ್ಮಾಳ ಅಪ್ಪನಿಗೆ ಆಪರೇಷನ್ ಆದಾಗ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನು, ಮುದುಕನ ಉಚ್ಚೆಪಾತ್ರೆ ಎತ್ತಿದವನು. ಆದರೆ ಅವಳನ್ನು ಅವನು ಮೊದಲು ನೋಡಿದ್ದು ಯಾರದೋ ಮದುವೆಯಲ್ಲಿ, ಹಿಂದಿನಿಂದ. "ಆ ಕೂದ್ಲಿನ ಜಾಡು ಹಿಡ್ಕೊಂಡೇ ಜನರ ಮಧ್ಯೆ ಇವಳ ಹಿಂದೆ ಬಂದೆ" ಎಂದು ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದ. ಅದು ನಾನು ಹೊಲಿದ ಕೂದಲು. ಅವನು ಹಾಗೆ ಹೇಳಿದಾಗಲೆಲ್ಲ ಉಗೊನ್ಮಾ ನನ್ನ ಕಡೆ ನೋಡುತ್ತಿದ್ದಳು, ನಾನು ಬೇರೆ ಕಡೆ ನೋಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಅವಳು ಬಂದು ಕೂತು, "ಆಂಟಿ, ಎಲ್ಲಾ ತೆಗೆದುಬಿಡಿ" ಅಂದಳು. ಕತ್ತರಿಸಿದೆ. ಬೇರಿನಲ್ಲಿ ಹೊಸದಾಗಿ ಹುಟ್ಟಿದ್ದ ಕೂದಲು ಮಾತ್ರ ಉಳಿಯಿತು. ಕಪ್ಪಗೆ, ಮೆಣಸಿನಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಸುರುಳಿ. ಅವಳು ಅಂಗೈಯಿಂದ ಸವರಿಕೊಂಡಳು. "ಆಂಟಿ, ಗಾಳಿ ನೇರ ತಲೆಗೇ ತಾಗ್ತಿದೆ!" ಅಂದು ನಕ್ಕಳು. ಆಮೇಲೆ ಅತ್ತಳು. ಆ ತಲೆಯಲ್ಲಿ ಅವಳ ಮುಖ ಎಷ್ಟು ಚೆನ್ನಾಗಿತ್ತೆಂದರೆ, ಹದಿನಾರು ವರ್ಷ ನಾನು ಏನು ಮುಚ್ಚುತ್ತಾ ಬಂದೆ ಅಂತ ನನಗೇ ನಾಚಿಕೆಯಾಯಿತು.

ಅಂಗಡಿಯಿಂದಲೇ ಅಫಾಮನಿಗೆ ಫೋನು ಮಾಡಿ ಹೇಳಿದಳು. ಅವನು ನಕ್ಕಿದ್ದು ನನಗೂ ಕೇಳಿಸಿತು.

"ಕತ್ತರಿಸ್ಕೋ ಮಾರಾಯ್ತಿ, ತಲೆ ನಿಂದು. ನನಗೆ ಮಾತ್ರ ತೋರಿಸ್ಬೇಡ ಅಷ್ಟೇ. ನಾನು ಬರೋ ದಿನ ಆ ಉದ್ದನೆ ವಿಗ್ ಹಾಕ್ಕೋ."

ಫೋನಿಟ್ಟು, "ತಮಾಷೆ ಮಾಡ್ತಾನೆ" ಅಂದಳು. ಅವನು ಬರುವ ಭಾನುವಾರಗಳಲ್ಲಿ ಅವಳ ಹುಣ್ಣಿನ ಸುತ್ತ ಅಂಟು ಹಚ್ಚಿ, ಸೊಂಟದವರೆಗಿನ ವಿಗ್ ಕೂರಿಸುವುದು ನನ್ನ ಕೆಲಸವಾಯಿತು. ಸೋಮವಾರ ಕೀಳುವುದೂ ನನ್ನದೇ. ಪ್ರತಿ ಸೋಮವಾರ ಹುಣ್ಣು ಇನ್ನಿಷ್ಟು ಅಗಲ.

"ಒಂದು ಸಲ ಹೇಳಿಬಿಡೇ ಅವನಿಗೆ, ಗಾಯ ಆಗಿದೆ ಅಂತ" ಎಂದು ಗದರಿದೆ.

"ಗಾಯ ಹೇಳಿದ್ರೆ ಅಯ್ಯೋ ಅಂತಾನೆ ಆಂಟಿ. ಅಯ್ಯೋ ಅನ್ನೋದು ಬೇಡ ನಂಗೆ. ಒಂದೇ ಒಂದು ಸಲ ಈ ತಲೆ ನೋಡಿ, ಅದರ ಮೇಲೆ ಕೈ ಇಡ್ಲಿ, ಸಾಕು. ಆಮೇಲೆ ಸಾಯೋ ತನಕ ಬೇಕಾದ್ರೂ ವಿಗ್ ಹಾಕ್ಕೋತೀನಿ."

ಇಷ್ಟೇ ಅವಳ ಆಸೆ. ಆಡು ಕೇಳಲಿಲ್ಲ, ಆನೆ ಕೇಳಲಿಲ್ಲ.

ಡಿಸೆಂಬರ್ ಇಪ್ಪತ್ತೆಂಟಕ್ಕೆ ಹೆಂಡ ಒಯ್ಯುವ ಶಾಸ್ತ್ರ ಗೊತ್ತಾಯಿತು. ಚರ್ಚು, ಕೇಕು ಎಲ್ಲ ಆಮೇಲಿನ ಮಾತು. ನಮ್ಮಲ್ಲಿ ಮದುವೆಯೆಂದರೆ ಇದೇ. ಹುಡುಗಿಯ ಅಪ್ಪ ಬಟ್ಟಲಿಗೆ ಹೆಂಡ ಬಗ್ಗಿಸಿ ಅವಳ ಕೈಗೆ ಕೊಡುತ್ತಾನೆ. ಮದುಮಗ ಗಂಡಸರ ಗುಂಪಿನಲ್ಲಿ ಅಡಗಿ ಕೂತಿರುತ್ತಾನೆ. ಅವಳು ಹುಡುಕಿ, ಮಂಡಿಯೂರಿ, ಬಟ್ಟಲು ಕೊಡಬೇಕು. ಅವನು ಕುಡಿದರೆ ಗಂಡ ಹೆಂಡತಿ. ಕುಡಿಯುವ ತನಕ ಯಾರೂ ಯಾರಿಗೂ ಏನೂ ಅಲ್ಲ.

ಅಂದು ಬೆಳಿಗ್ಗೆ ಉಡಿ ಗುಡ್ಡದ ಕೆಳಗಿನ ಅವಳ ಅಪ್ಪನ ಹಳ್ಳಿಮನೆಯಲ್ಲಿ ನಾನು ಪೆಟ್ಟಿಗೆ ಬಿಚ್ಚಿದೆ. ಚಳಿಗಾಲದ ಒಣಗಾಳಿ, ಬಾಯಿತುಂಬ ಕೆಂಧೂಳು. ಅಂಗಳದಲ್ಲಿ ಹಸು ಕಡಿದಾಗಿತ್ತು, ಅನ್ನ ಬೇಯುತ್ತಿತ್ತು. ನಾನು ಅಂಟಿನ ಕುಂಚ ಅವಳ ನೆತ್ತಿಗೆ ಮುಟ್ಟಿಸಿದ್ದೇ ತಡ, ಹುಣ್ಣು ಒಡೆಯಿತು. ರಕ್ತ ಕಿವಿಯ ಮೇಲೆ ಇಳಿಯಿತು. ಉಗೊನ್ಮಾ ಉಟ್ಟ ಬಟ್ಟೆಯ ಸೆರಗನ್ನು ಬಾಯಿಗೆ ತುರುಕಿಕೊಂಡು, "ಹಚ್ಚಿ ಆಂಟಿ, ಹಚ್ಚಿ" ಅಂದಳು. ಮೂವತ್ತೊಂದು ವರ್ಷ ಎಂಥೆಂಥ ಉರಿಗೂ ನಿಲ್ಲದ ನನ್ನ ಕೈ ಅಲ್ಲಿ ನಿಂತುಹೋಯಿತು.

"ನನ್ನಿಂದಾಗಲ್ಲ" ಅಂದೆ.

ಅವಳ ಅಮ್ಮ ಒಳಗೆ ಬಂದು ನೋಡಿ ಎದೆ ಎದೆ ಬಡಿದುಕೊಂಡಳು. "ಅಯ್ಯೋ ದೇವರೇ! ಗಂಡ ಸತ್ತವಳ ತಲೆ ಇಟ್ಕೊಂಡು ಗಂಡನ್ನ ಹುಡುಕೋಕೆ ಹೋಗ್ತಾಳಾ ಇವಳು? ಉಜೊ, ನಿಂಗೆ ಬುದ್ಧಿ ಇದೆಯಾ? ಅಂಟ್ಸೇ ಅದನ್ನ!"

"ನೀನೇ ಅಂಟ್ಸು. ಹದಿನಾರು ವರ್ಷ ನಾನು ಸುಟ್ಟಿದ್ದು ಸಾಕು."

"ತಲೆಗೆ ಬಟ್ಟೆನಾದ್ರೂ ಕಟ್ಟು!"

ಬಟ್ಟೆ ಕಟ್ಟಿದರೆ ಅದೂ ಹುಣ್ಣಿಗೆ ಅಂಟುತ್ತಿತ್ತು. ರಕ್ತ ಒರೆಸಿ, ಎಣ್ಣೆ ಸವರಿ, ಗಾಯಕ್ಕೆ ತಾಗದ ಹಾಗೆ ಒಂದೆಳೆ ಹವಳದ ಸರ ಸುತ್ತಿದೆ. ಉಗೊನ್ಮಾ ನನ್ನ ಮಣಿಕಟ್ಟು ಹಿಡಿದಳು.

"ನಿಜ ಹೇಳಿ ಆಂಟಿ. ಹೀಗೇ ಹೋದ್ರೆ ನನ್ನ ಗುರ್ತು ಹಿಡೀತಾನಾ?"

"ಹುಚ್ಚಿ, ಗಂಡಸು ತನ್ನ ಹೆಣ್ಣನ್ನ ಕೂದ್ಲಿಂದ ಗುರ್ತು ಹಿಡೀತಾನೇನೇ? ಹೋಗು, ನಾನಿದೀನಿ ಹಿಂದೆ."

ಹೇಳಿದ್ದು ಯಾರು? ಗಂಡಸು ಕೂದಲಿನಿಂದಲೇ ಗುರುತು ಹಿಡಿಯುತ್ತಾನೆ ಅನ್ನುವುದನ್ನೇ ಬಂಡವಾಳ ಮಾಡಿಕೊಂಡು ಮನೆ ಕಟ್ಟಿದವಳು. ಆ ಹೊತ್ತಿಗೆ ನನಗೂ ಬೇರೆ ಏನನ್ನಾದರೂ ನಂಬಬೇಕು ಅನ್ನಿಸಿತ್ತು.

ಅವಳು ಹೊರಗೆ ಬಂದಾಗ ಒಂದು ಕ್ಷಣ ಹಾಡು ತೊದಲಿತು. ಆಮೇಲೆ ಡೋಲು ಮತ್ತೆ ಜೋರಾಯಿತು. ಮುದಿ ಅಪ್ಪ ಮಗಳ ತಲೆಯನ್ನು ನೋಡಿದ. ಬಟ್ಟಲು ತುಂಬಿಸಿ, "ನಿನ್ನ ಗಂಡ ಯಾರು ಅಂತ ನಮಗೆ ತೋರಿಸಮ್ಮಾ" ಅಂದ. ಅವಳು ಬಟ್ಟಲು ಹಿಡಿದು ಗಂಡಸರ ಸಾಲುಗಳೊಳಗೆ ಇಳಿದಳು. ಬೆವರೊರೆಸುವ ಕರವಸ್ತ್ರ ಹಿಡಿದು ಬೆನ್ನಹಿಂದೆಯೇ ನಾನು. ಒಂದೇ ಬಟ್ಟೆಯ ಉಡುಪು ತೊಟ್ಟ ಗೆಳತಿಯರು ಕುಣಿಯುತ್ತಾ ನಮ್ಮ ಹಿಂದೆ. ಅವರೆಲ್ಲರ ತಲೆಯಲ್ಲೂ ಸೊಂಟದವರೆಗೆ ಇಳಿಬಿದ್ದ ಕೂದಲು, ಎಲ್ಲವೂ ನನ್ನ ಅಂಗಡಿಯದೇ.

"ಇಲ್ಲಿ ಬಾರೇ ಚೆಲುವಿ, ಬಾಯಿ ಒಣಗಿದೆ!" ಅಂದ ಒಬ್ಬ ಹಲ್ಲಿಲ್ಲದ ಮುದುಕ.

"ಅವನಿಗ್ ಕೊಡಬೇಡ, ಅವನ ಮೂವರು ಹೆಂಡಿರು ಹೊಡೀತಾರೆ. ನಂಗ್ ಕೊಡು!" ಅಂದ ಇನ್ನೊಬ್ಬ.

ಉಗೊನ್ಮಾ ನಗುತ್ತಾ ತಲೆಯಾಡಿಸಿ ಮುಂದೆ ಹೋದಳು. ಅವಳ ನಡಿಗೆಯಲ್ಲಿ ಹೆದರಿಕೆ ಇರಲಿಲ್ಲ. ನಾಲ್ಕನೆಯ ಸಾಲಿನಲ್ಲಿ, ಒನಿಚಾದ ಗೆಳೆಯರ ನಡುವೆ, ಸಿಂಹದ ಮುಖಗಳ ಚಿತ್ರವಿದ್ದ ಅಂಗಿ ತೊಟ್ಟು, ಕೆಂಪು ಟೋಪಿ ಹಾಕಿಕೊಂಡು ಅಫಾಮ ಕೂತಿದ್ದ. ಅವಳು ನೇರ ಅವನ ಮುಂದೆ ಮಂಡಿಯೂರಿದಳು. ಒಂದು ಗುಟುಕು ತಾನು ಕುಡಿದು, ಶಾಸ್ತ್ರದಂತೆ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಬಟ್ಟಲು ಚಾಚಿದಳು.

ತಲೆ ತಗ್ಗಿಸಿದ್ದರಿಂದ ಅವಳಿಗೆ ಅವನ ಮುಖ ಕಾಣಲಿಲ್ಲ. ನನಗೆ ಕಂಡಿತು. ಅವನ ಕಣ್ಣು ಅವಳ ಕೈ ನೋಡಿತು, ಹವಳ ನೋಡಿತು, ತಲೆ ನೋಡಿತು, ನೆತ್ತಿಯ ಹುಣ್ಣು ನೋಡಿತು. ಅವನಿಗೆ ಗೊತ್ತಾಯಿತು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆಮೇಲೆ ಆ ಕಣ್ಣು ಪಕ್ಕದ ಗೆಳೆಯರ ಕಡೆ ಹೋಯಿತು. ಅವರು ನಗಲು ತಯಾರಾಗಿದ್ದರು. ಅವನು ಅವರಿಗಿಂತ ಮೊದಲೇ ನಕ್ಕುಬಿಟ್ಟ.

"ತಂಗೀ, ಸ್ವಲ್ಪ ಪಕ್ಕಕ್ಕೆ ಸರಿಯಮ್ಮ" ಅಂದ, ಅವಳ ತಲೆಯ ಮೇಲಿನಿಂದ ಹಿಂದಿನ ಹುಡುಗಿಯರ ಕಡೆ ಕತ್ತು ಚಾಚಿ. "ನನ್ನ ಹೆಂಡ್ತಿ ಬರ್ತಿದಾಳೆ, ಕಾಣಿಸ್ತಿಲ್ಲ."

ಗೆಳೆಯರು ತೊಡೆ ತಟ್ಟಿಕೊಂಡು ನಕ್ಕರು. ಉಗೊನ್ಮಾಳ ಕೈಯ ಬಟ್ಟಲು ಅಲ್ಲೇ ಇತ್ತು. ಒಂದು ಹಾಡು ಮುಗಿಯುವಷ್ಟು ಹೊತ್ತು ಅಲ್ಲೇ ಇತ್ತು. ಆಮೇಲೆ ಅವಳು ಒಂದು ಹನಿಯೂ ತುಳುಕದ ಹಾಗೆ ಎದ್ದು, ಬಂದ ದಾರಿಯಲ್ಲೇ ವಾಪಸು ನಡೆದಳು. ಅಪ್ಪನ ಕೈಯಲ್ಲಿ ಬಟ್ಟಲಿಟ್ಟಳು.

"ಹುಡುಕಿದೆ ಅಪ್ಪಾ. ಸಿಗಲಿಲ್ಲ."

ಡೋಲು ನಿಂತಿತು. ಮುದುಕ ಬಟ್ಟಲನ್ನು ಮತ್ತೆ ಅವಳ ಕಡೆ ಚಾಚಿದ. "ಇನ್ನೊಂದ್ಸಲ ನೋಡು ಮಗಳೇ. ಬಿಸಿಲು ಜಾಸ್ತಿ ಇದೆ, ಕಣ್ಣು ತಪ್ಪಿರಬಹುದು." ಅವಳು ತಿರುಗಿ ನೋಡಲೂ ಇಲ್ಲ. ಕೆಂಪು ಟೋಪಿಯವನು ಅರ್ಧ ಎದ್ದ, ಮತ್ತೆ ಕೂತ, ತನ್ನ ಬೂಟು ನೋಡಿಕೊಂಡ. ಎದ್ದು ಬಂದಿದ್ದರೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯನ್ನು ನಾನು ಈಗಲೂ ಎಣಿಸುತ್ತೇನೆ. ಅಪ್ಪ ಬಟ್ಟಲನ್ನು ನೆಲಕ್ಕಿಟ್ಟ. ಗಂಡಿನ ಕಡೆಯವರು, "ಇದೇನು ಅವಮಾನ! ಹುಡುಗ ತಮಾಷೆ ಮಾಡಿದ್ರೆ ಇಷ್ಟಾ?" ಅಂತ ಗಲಾಟೆ ಎಬ್ಬಿಸಿದರು.

ಒಳಗೆ ಅಮ್ಮನ ಕೋಣೆಯಲ್ಲಿ ಉಗೊನ್ಮಾ ಮಂಚದಂಚಿಗೆ ಕೂತಿದ್ದಳು. ಅಳುತ್ತಿರಲಿಲ್ಲ. ಅಮ್ಮ ಮೂಲೆಯಲ್ಲಿ ಅಳುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಆಂಟಿ, ನೀವು ಅವನ ಮುಖ ನೋಡಿದ್ರಿ ಅಲ್ವಾ?"

"ಹೂಂ."

"ನಿಜವಾಗ್ಲೂ ಗುರ್ತು ಸಿಗಲಿಲ್ವಾ ಅವನಿಗೆ? ಇಲ್ಲಾ ಸಿಕ್ಕಿ ನಾಚಿಕೆ ಆಯ್ತಾ?"

ಅವಳ ಕಣ್ಣು ನನ್ನ ಮುಖದ ಮೇಲೆ ನೆಟ್ಟಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಈ ಹುಡುಗಿ ಬದುಕುತ್ತಾಳಾ ಅನ್ನಿಸಿತು. ಎರಡರಲ್ಲಿ ಯಾವುದು ಕಡಿಮೆ ನೋವು ಅಂತ ತೂಗಿ ನೋಡಿ, ನನ್ನ ಹಾಳು ಕರುಳು ಒಂದನ್ನು ಆರಿಸಿತು.

"ಗುರ್ತೇ ಸಿಗಲಿಲ್ಲ ಕಣೇ. ಪಾಪ, ನಿನ್ನ ತಲೆ ಹೀಗೆ ಅವನು ಯಾವತ್ತು ನೋಡಿದ್ದ?"

ಅವಳ ಮುಖದ ಬಿಗಿ ಸಡಿಲವಾಯಿತು. ಅದನ್ನು ನೋಡಿ, ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೆ. ನಾನೆಂಥ ದಡ್ಡಿ.

"ಹಾಗಾದ್ರೆ ತಪ್ಪು ನಂದೇ ಅಲ್ವಾ ಆಂಟಿ?" ಅಂದಳು. "ಪಾಪ, ಅವನು ನನ್ನೇ ಕಾಯ್ತಿದ್ದ. ನಾನು ಎಲ್ಲರ ಮುಂದೆ ಅವನ ಮರ್ಯಾದೆ ತೆಗೆದೆ. ಅಮ್ಮಾ, ಅವನು ಹೊರಟುಹೋದ್ನಾ?"

ಅಮ್ಮ ಅಳು ನಿಲ್ಲಿಸಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.  ಈಗ ನಿಜ ಹೇಳಿದರೆ ಆಗ ಸುಳ್ಳು ಯಾಕೆ ಹೇಳಿದೆ ಅನ್ನುವಳಲ್ಲ ಅಂತ ಕೂತುಬಿಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಅಫಾಮ ಬಂದು ನಿಂತ. ಟೋಪಿ ಕೈಯಲ್ಲಿತ್ತು. ಅವನು ಹೆದರಿದ್ದ. ಮೊದಲು ನನ್ನನ್ನೇ ನೋಡಿದ. ನನಗೆ ಗೊತ್ತು ಅಂತ ಅವನಿಗೆ ಗೊತ್ತಿತ್ತು.

ಉಗೊನ್ಮಾ ಎದ್ದು ಹೋಗಿ ಅವನ ಮುಂದೆ ಮತ್ತೆ ಮಂಡಿಯೂರಿದಳು. "ನಿಂಗೆ ಗುರ್ತು ಸಿಗಲಿಲ್ಲ ಅಂತೆ. ಆಂಟಿ ಹೇಳಿದ್ರು. ನಾನೇ ದುಡುಕಿಬಿಟ್ಟೆ, ತಪ್ಪಾಯ್ತು."

ಅವನ ಮುಖದಲ್ಲಿ ರಕ್ತ ಮತ್ತೆ ಹರಿದಾಡಿದ್ದನ್ನು ನಾನು ನೋಡಿದೆ. ನೆಟ್ಟಗೆ ನಿಂತ. ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಬಚಾವಾಗಿದ್ದ. ಎಬ್ಬಿಸಲು ಕೈ ಚಾಚಿದ. ಕೈ ಅವಳ ತಲೆಯ ಹತ್ತಿರ ಬಂತು, ಅಲ್ಲಿ ತಡೆಯಿತು, ಸುತ್ತುಹಾಕಿ ಭುಜಕ್ಕೆ ಹೋಯಿತು.

"ಹೋಗ್ಲಿ ಬಿಡು" ಅಂದ. "ನಾನು ಕ್ಷಮಿಸಿದೀನಿ. ಆಂಟಿ, ಬೇಗ ರೆಡಿ ಮಾಡಿ ಇವಳನ್ನ, ಜನ ಕಾಯ್ತಿದಾರೆ."

ಉಗೊನ್ಮಾ ಅವನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಬಂದು, ನನ್ನ ಮುಂದಿನ ಮಣೆಯ ಮೇಲೆ ಬೆನ್ನು ಮಾಡಿ ಕೂತು, ತಲೆ ತಗ್ಗಿಸಿದಳು.